‘ಶಿರಾಜ್’ ತೋರಿಸಲು ಕೈಜೋಡಿಸಿದ ಎಲ್ಲರಿಗೂ

ನಮ್ಮ ಸಿನಿಮಾ ಬಳಗಕ್ಕೆ ಹತ್ತು ವರ್ಷ ತುಂಬಿತು. ಆ ಖುಷಿಗೆ ಕಳೆದ ಭಾನುವಾರ ಸಾಗರದಲ್ಲಿ 1928ರ ಮೂಕಿ ಚಿತ್ರ ‘ಶಿರಾಜ್’ ಹಾಕಿದೆವು. ಮಾತೇ ಇಲ್ಲದ ಸಿನಿಮಾವನ್ನು ಈಗ ಯಾರು ಕೂತು ನೋಡುತ್ತಾರೆ ಅಂತ ಸುಮಾರು ಜನ ಕೇಳಿದ್ದರು. ಹಾಲ್ ತುಂಬಿತು. ಗೋಡೆಗೆ ಒರಗಿ ನಿಂತೇ ನೋಡಿದವರೂ ಇದ್ದರು. ಬಂದವರಿಗೆಲ್ಲ ದೊಡ್ಡ ನಮಸ್ಕಾರ.

ಪರದೆ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ತಂದು, ಕತ್ತಲಲ್ಲಿ ಪುಟ್ಟ ಟಾರ್ಚ್ ಹಿಡಿದು ಓದಿ ಹೇಳಿದ ನಮ್ಮ ಹೈಸ್ಕೂಲ್ ಟೀಚರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಕಥಾನಾಯಕ ಶಿರಾಜ್‌ನನ್ನು ಆನೆಯಿಂದ ತುಳಿಸುವ ದೃಶ್ಯ ಬಂತು ನೋಡಿ. ನೆಲದ ಮೇಲೆ ಅವನ ತಲೆ, ಅದರ ಮೇಲೆ ಎತ್ತಿದ ಆನೆಯ ಕಾಲು. ಮುಂದಿನ ಸಾಲಿನ ಮಕ್ಕಳು “ಬೇಡ, ಬೇಡ” ಅಂತ ಕೂಗಿಯೇಬಿಟ್ಟರು. ಆ ಶಿರಾಜ್ ಪಾತ್ರ ಮಾಡಿದವರು ಚಿತ್ರದ ನಿರ್ಮಾಪಕ ಹಿಮಾಂಶು ರಾಯ್ ಅವರೇ.

ಕತೆ ತಾಜ್ ಮಹಲ್ ಹುಟ್ಟಿದ ಬಗೆಯದು. ಇತಿಹಾಸವಲ್ಲ, ಕಲ್ಪನೆ. ನಿರಂಜನ್ ಪಾಲ್ ಅವರ ನಾಟಕದಿಂದ ತೆಗೆದದ್ದು. ನಿರ್ದೇಶಿಸಿದವರು ಜರ್ಮನಿಯ ಮ್ಯೂನಿಕ್‌ನ ಫ್ರಾಂಜ್ ಓಸ್ಟೆನ್. ಸ್ಟುಡಿಯೊ ಸೆಟ್ ಹಾಕದೆ ನಿಜವಾದ ಕೋಟೆ, ಅರಮನೆಗಳಲ್ಲಿ, ನಿಜವಾದ ಬಿಸಿಲಲ್ಲಿ ಚಿತ್ರೀಕರಿಸಿದರು. ಆ ಬಿಸಿಲು ನಮ್ಮ ಪರದೆ ಮೇಲೂ ಹಾಗೇ ಬಿದ್ದಿತ್ತು. ಓಸ್ಟೆನ್ ಆಮೇಲೆ ಬಾಂಬೆ ಟಾಕೀಸ್ ಅನ್ನುವ ಸಿನಿಮಾ ಕಂಪನಿಗೆ ಬಂದು ‘ಅಛೂತ್ ಕನ್ಯಾ’ ಚಿತ್ರ ಮಾಡಿದರು. ಅವರು ನಾಜಿ ಪಕ್ಷದ ಸದಸ್ಯರಾಗಿದ್ದರು ಅನ್ನುವುದೂ ನಿಜ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಅವರನ್ನು ಬಂಧಿಸಿದರು. ಅವರ ಕ್ಯಾಮೆರಾ ಕಣ್ಣಿಗೆ ನಾನು ಋಣಿ. ಆ ಪಕ್ಷದ ಮಾತನ್ನು ಮಾತ್ರ ಮುಚ್ಚಿಡಲಾರೆ. ಭಾನುವಾರ ಸಿನಿಮಾ ಮುಗಿದ ಮೇಲೆ ಇದನ್ನೂ ಹೇಳಿದೆವು. ಹೇಳಲೇಬೇಕಿತ್ತು, ಅಲ್ವಾ?

ನನ್ನ ಜಾಸ್ತಿ ಕೃತಜ್ಞತೆ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಸಂಗ್ರಹಾಲಯದವರಿಗೆ. ಆ ಕಾಲದ ನೈಟ್ರೇಟ್ ರೀಲು ಬೇಗ ಹೊತ್ತಿಕೊಳ್ಳುತ್ತದೆ. ಸುಮ್ನೆ ಇಟ್ಟರೂ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಅಂಥದ್ದನ್ನು ಕಾಪಾಡಿ, ಗೀರು, ಕಲೆ ತೆಗೆದು, 2017ರಲ್ಲಿ ಹೊಸದಾಗಿ ತೋರಿಸಿದರು. ಸಿತಾರ್ ವಾದಕಿ ಅನೌಷ್ಕಾ ಶಂಕರ್ ಅದಕ್ಕೆ ಸಂಗೀತ ಕೊಟ್ಟರು. ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಅದನ್ನು ನೆನೆದರೆ ಈ ಉಪಕಾರ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಇದರಲ್ಲಿ ಮುಮ್ತಾಜ್ ಆಗುವ ಸೆಲೀಮಾ ಪಾತ್ರ ಮಾಡಿದ ಏಣಾಕ್ಷಿ ರಾಮರಾವ್ ನಮಗೂ ಬೇಕಾದವರು. ನಿರ್ದೇಶಕ ಮೋಹನ್ ಭವನಾನಿ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನು ಮೂಕಿಯಾಗಿ ತೆಗೆದಾಗ ಅವರೇ ನಾಯಕಿ ವಸಂತಸೇನೆ. ನಮ್ಮ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ ಅದರಲ್ಲಿದ್ದರು. ಕೈಲಾಸಂ ತೆರೆ ಮೇಲೆ ಹೇಗೆ ಕಾಣುತ್ತಿದ್ದರೋ! ಅದನ್ನು ನೋಡಿದವರು ನನಗೆ ಇದುವರೆಗೆ ಯಾರೂ ಸಿಕ್ಕಿಲ್ಲ.

ಹಾಲ್ ಬಿಟ್ಟುಕೊಟ್ಟ ಕಾಲೇಜಿನವರಿಗೆ, ಸ್ಪೀಕರ್ ಹೊತ್ತು ತಂದ ಹುಡುಗರಿಗೆ, ಚಹಾ, ಅವಲಕ್ಕಿಯ ಖರ್ಚು ನೋಡಿಕೊಂಡ ಹಿರಿಯರಿಗೆ ವಂದನೆಗಳು. ಓಸ್ಟೆನ್ ಅವರ 1929ರ ‘ಪ್ರಪಂಚ ಪಾಶ’ವೂ ಈಗ ನೋಡಲು ಸಿಗುತ್ತದೆ. ಮಹಾಭಾರತದ ಪಗಡೆಯಾಟದ ಎಳೆ ಹಿಡಿದ ಕತೆ. ಮಳೆಗಾಲ ಮುಗಿದ ಮೇಲೆ ಅದನ್ನೂ ಹಾಕುತ್ತೇವೆ. ಓದಿ ಹೇಳಲು ಟೀಚರ್ ಆಗಲೇ ಒಪ್ಪಿದ್ದಾರೆ.