ಹೆಸರು ಹೇಳಲಾಗದವರಿಗೆ

ಕಳೆದ ವಾರ ನಾನು ಅಧ್ಯಾಪನದಿಂದ ನಿವೃತ್ತಳಾದೆ. ಬೀಳ್ಕೊಡುಗೆಯ ಸಭೆಯಲ್ಲಿ ಗುರುಗಳಿಗೆ, ಸಹೋದ್ಯೋಗಿಗಳಿಗೆ, ನನಗಿಂತ ಒಳ್ಳೆಯ ಪ್ರಶ್ನೆಗಳನ್ನು ಕೇಳಿದ ವಿದ್ಯಾರ್ಥಿಗಳಿಗೆ ಹೆಸರು ಹಿಡಿದು ವಂದಿಸಿದ್ದೇನೆ. ಆದರೆ ನನ್ನ ಸಂಶೋಧನೆಗೆ ಜೀವ ಕೊಟ್ಟವರ ಹೆಸರನ್ನು ಅಲ್ಲಿ ಹೇಳಲಿಲ್ಲ, ಇಲ್ಲಿಯೂ ಹೇಳುವಂತಿಲ್ಲ. ಏಕೆಂದರೆ ಮುಟ್ಟು, ಬಸಿರು, ಗರ್ಭಪಾತಗಳ ಬಗ್ಗೆ ಮನೆಯವರಲ್ಲೂ ಆಡದ ಮಾತುಗಳನ್ನು ನನ್ನೊಡನೆ ಆಡಿದ ಆ ಮಹಿಳೆಯರಿಗೆ, ಗುರುತನ್ನು ಎಲ್ಲಿಯೂ ಬಿಟ್ಟುಕೊಡುವುದಿಲ್ಲವೆಂದು ಮಾತು ಕೊಟ್ಟ ಮೇಲೆಯೇ ನಾನು ಟಿಪ್ಪಣಿ ಪುಸ್ತಕ ತೆರೆದಿದ್ದೆ.

ಮೊದಲ ಕ್ಷೇತ್ರಕಾರ್ಯಕ್ಕೆ ಹೊರಟಾಗ ನನ್ನ ಬಳಿ ಅಚ್ಚುಕಟ್ಟಾದ ಪ್ರಶ್ನಾವಳಿಯೊಂದಿತ್ತು. ಆರೋಗ್ಯ ಹೇಗಿದೆ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದರು. ಅದನ್ನು ಬದಿಗಿಟ್ಟು, ಅವರ ಕೆಲಸದ ನಡುವೆ ದಿನಗಟ್ಟಲೆ ಸುಮ್ಮನೆ ಕುಳಿತ ಮೇಲಷ್ಟೇ, ಬಿಳಿಸೆರಗು, ಬಿಡದ ಸೊಂಟನೋವು, ಜಾರಿದ ಗರ್ಭಕೋಶ ಇವನ್ನೆಲ್ಲ ಅವರು ಕಾಯಿಲೆಯ ಲೆಕ್ಕಕ್ಕೇ ಹಿಡಿದಿರಲಿಲ್ಲವೆಂದು ತಿಳಿಯಿತು. ವೈದ್ಯರು ಗುರುತಿಸುವ ರೋಗ ಬೇರೆ, ಮನುಷ್ಯರು ಅನುಭವಿಸುವ ಬೇನೆ ಬೇರೆ ಎಂಬುದನ್ನು ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ ಅವರ ಬರಹಗಳಲ್ಲಿ ಓದಿದ್ದೆ. ಬೇನೆಯನ್ನು ಬೇನೆಯೆಂದು ಹೇಳಿಕೊಳ್ಳಲು ಯಾರಿಗೆ ಬಿಡುವಿರುತ್ತದೆ ಎಂಬುದನ್ನು ಕಲಿಸಿದವರು ಈ ಮಹಿಳೆಯರು.

ಇವೆಲ್ಲ ಹೆಂಗಸರ ಹರಟೆ, ಶಾಸ್ತ್ರವಲ್ಲ ಎಂದು ಹಿರಿಯ ವಿದ್ವಾಂಸರೊಬ್ಬರು ನನ್ನ ಪ್ರಬಂಧವನ್ನು ಹಿಂದಿರುಗಿಸಿದ್ದರು. (ಅವರಿಗೂ ಒಂದು ವಂದನೆ ಸಲ್ಲಬೇಕು, ಸಿಟ್ಟಿನಲ್ಲಿ ಚೆನ್ನಾಗಿ ಬರೆದೆ.) ಆ ದಿನಗಳಲ್ಲಿ ನನಗೆ ಆಸರೆಯಾದದ್ದು ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಲಾಕ್ ಅವರ ಅಧ್ಯಯನ. ಮುಟ್ಟು ನಿಲ್ಲುವ ವಯಸ್ಸಿನ ಜಪಾನಿನ ಮಹಿಳೆಯರು ಮೈ ಬಿಸಿಯೇರುವುದನ್ನು ಉತ್ತರ ಅಮೆರಿಕದವರಿಗಿಂತ ಎಷ್ಟೋ ಕಡಿಮೆ ಹೇಳಿಕೊಂಡರು, ಭುಜ ಬಿಗಿಯುವುದನ್ನು ಹೆಚ್ಚಾಗಿ ಹೇಳಿಕೊಂಡರು ಎಂದು ತೋರಿಸಿ, ದೇಹವೂ ಎಲ್ಲೆಡೆ ಒಂದೇ ಅಲ್ಲವೆಂದು ಅವರು 1993ರಲ್ಲಿಯೇ ವಾದಿಸಿದ್ದರು. ಹೆಂಗಸರ ಹರಟೆಯನ್ನು ಕಿವಿಗೊಟ್ಟು ಕೇಳದೆ ಅಂಥ ತೀರ್ಮಾನಕ್ಕೆ ಬರಲು ಸಾಧ್ಯವಿರಲಿಲ್ಲ.

ನನ್ನ ದುಭಾಷಿಯಾಗಿದ್ದಾಕೆಗೆ ನಾನು ವಿಶೇಷವಾಗಿ ಋಣಿ. ಯಾವ ಪ್ರಶ್ನೆಯನ್ನು ಅತ್ತೆಯ ಎದುರು ಕೇಳಬಾರದು, ಯಾವುದನ್ನು ಕೇಳಲೇಬಾರದು ಎಂಬುದು ಆಕೆಗೆ ಗೊತ್ತಿತ್ತು. ಎಷ್ಟೋ ಸಲ ನನ್ನ ಪ್ರಶ್ನೆಯನ್ನು ಅನುವಾದಿಸದೆ ನುಂಗಿಕೊಂಡು ನನ್ನ ಮಾನ ಉಳಿಸಿದಳು. ನಿಮ್ಮ ಪುಸ್ತಕದಿಂದ ನನ್ನ ನೋವು ಹೋಗುತ್ತದೆಯೇ ಎಂದು ಕೇಳಿ, ನಾನು ಉತ್ತರಿಸಲಾಗದೆ ನಿಂತಾಗ ಎದ್ದುಹೋದ ಮಹಿಳೆಗೂ ಋಣಿ. ಆಕೆಯ ಬಗ್ಗೆ ಟಿಪ್ಪಣಿಯಲ್ಲಿ ಒಂದು ಸಾಲೂ ಇಲ್ಲ.

ನಿಜವಾದ ಹೆಸರುಗಳಿದ್ದ ಪಟ್ಟಿಯನ್ನು ಒಪ್ಪಂದದಂತೆ ನಾಶಪಡಿಸಬೇಕಿತ್ತು. ಕೊಠಡಿ ಖಾಲಿ ಮಾಡುವ ದಿನ, ಹರಿದುಹಾಕುವ ಮೊದಲು, ಬಾಗಿಲು ಮುಚ್ಚಿಕೊಂಡು ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿದೆ.