ಜಾನ್‌ಸ್ಟನ್ ಮುಳುಗಿದ ಮೇಲಿನ ಎರಡು ದಿನ

ಪ್ರೀತಿಯ ರಘು,

"ಮುಳುಗಿಹೋದ ಹಡಗಿನ ಬಗ್ಗೆ ಅಷ್ಟೊಂದು ಓದೋಕೆ ಏನಿದೆ ಮಾರಾಯ" ಅಂತ ಫೋನಿನಲ್ಲಿ ನಕ್ಕೆಯಲ್ಲ, ಅದಕ್ಕೇ ಈ ಪತ್ರ.

ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಯುಎಸ್‌ಎಸ್ ಜಾನ್‌ಸ್ಟನ್ 2,100 ಟನ್ನಿನ ಡೆಸ್ಟ್ರಾಯರ್, ಅಂದ್ರೆ ವೇಗವಾಗಿ ಓಡೋ ಚಿಕ್ಕ ಯುದ್ಧನೌಕೆ. 1943ರ ಅಕ್ಟೋಬರ್ 27ರಂದು ಸಿಯಾಟಲ್‌ನಲ್ಲಿ ಸೇವೆಗೆ ಸೇರಿತು. ಅದರ ಕಮಾಂಡರ್ ಅರ್ನೆಸ್ಟ್ ಇವಾನ್ಸ್, ಒಕ್ಲಹೋಮದ ಮೂಲನಿವಾಸಿ ಮನೆತನದವನು. ಇದು ಕಾದಾಡೋ ಹಡಗು, ಅಪಾಯ ಇದ್ದಲ್ಲಿಗೇ ಹೋಗ್ತೇನೆ, ಬೇಡ ಅನ್ನೋರು ಈಗಲೇ ಇಳಿದುಬಿಡಿ ಅಂತ ಅವತ್ತೇ ಹೇಳಿದ್ದನಂತೆ. ಆಮೇಲೆ ಮಾರ್ಷಲ್ ದ್ವೀಪಗಳು, ಗುವಾಮ್, ನಡುವೆ ಇನ್ನೆರಡು ಡೆಸ್ಟ್ರಾಯರ್ ಜೊತೆ ಸೇರಿ ಜಪಾನಿನ ಒಂದು ಸಬ್‌ಮೆರಿನ್ ಮುಳುಗಿಸಿದ್ದು.

1944ರ ಅಕ್ಟೋಬರ್ 25ರ ಬೆಳಗ್ಗೆ ಫಿಲಿಪ್ಪೀನ್ಸ್‌ನ ಸಮಾರ್ ದ್ವೀಪದ ಹತ್ತಿರ ಇತ್ತು. ಆರು ಪುಟ್ಟ ವಿಮಾನವಾಹಕ ಹಡಗುಗಳಿಗೆ ಕಾವಲು. ದೊಡ್ಡ ನೌಕಾಬಲವನ್ನು ಅಮೆರಿಕದ ಅಡ್ಮಿರಲ್ ಹಾಲ್ಸಿ ಉತ್ತರಕ್ಕೆ ಕರೆದುಕೊಂಡು ಹೋಗಿದ್ದ, ಜಪಾನಿಗಳು ಬೇಕೆಂದೇ ಒಡ್ಡಿದ ಆಸೆಗೆ ಬಿದ್ದು. ಅಷ್ಟರಲ್ಲಿ ಯಮಾಟೊ ಸೇರಿ ಜಪಾನಿನ ನಾಲ್ಕು ಬ್ಯಾಟಲ್‌ಶಿಪ್‌ಗಳು, ಅಂದ್ರೆ ಭಾರೀ ಫಿರಂಗಿಗಳ ದೈತ್ಯ ಯುದ್ಧನೌಕೆಗಳು, ಎದುರಿಗೇ ಬಂದವು. ಯಮಾಟೊದ ಫಿರಂಗಿಯ ಬಾಯಿ 46 ಸೆಂಟಿಮೀಟರ್. ಜಾನ್‌ಸ್ಟನ್‌ನದು 12.7.

ಇವಾನ್ಸ್ ಆದೇಶಕ್ಕೆ ಕಾಯಲೇ ಇಲ್ಲ. ಹೊಗೆ ಬಿಡುತ್ತಾ ನೇರ ಶತ್ರುವಿನ ಕಡೆಗೆ ತಿರುಗಿಸಿದ. ಇದ್ದ ಹತ್ತೂ ಟಾರ್ಪಿಡೊ, ಅಂದ್ರೆ ನೀರಿನಡಿ ಓಡಿ ಹಡಗಿಗೆ ಬಡಿಯೋ ಸಿಡಿಗುಂಡು, ಬಿಟ್ಟ. ಕುಮಾನೊ ಅನ್ನೋ ಜಪಾನಿನ ಕ್ರೂಸರ್‌ನ (ಡೆಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ) ಮೂತಿ ಹಾರಿಹೋಯಿತು. ವಾಪಸ್ ಬರುವಾಗ ದೊಡ್ಡ ಗುಂಡುಗಳು ಬಡಿದವು. ವೇಗ 17 ನಾಟ್‌ಗೆ ಇಳಿಯಿತು. ಇವಾನ್ಸ್‌ನ ಎಡಗೈಯ ಎರಡು ಬೆರಳು ಹೋದವು. ಅಷ್ಟಾದ ಮೇಲೆ ಉಳಿದ ಹಡಗುಗಳಿಗೆ ಟಾರ್ಪಿಡೊ ದಾಳಿಯ ಆದೇಶ ಬಂತು. ಇವನ ಹತ್ತಿರ ಒಂದೂ ಉಳಿದಿರಲಿಲ್ಲ, ಆದರೂ ಫಿರಂಗಿ ಬೆಂಬಲ ಕೊಡೋಕೆ ಅವುಗಳ ಹಿಂದೆ ಮತ್ತೆ ಹೊರಟ! ಕೊನೆಕೊನೆಗೆ ಚುಕ್ಕಾಣಿಯನ್ನು ಕೈಯಿಂದಲೇ ತಿರುಗಿಸಬೇಕಾಯಿತು. ಹಡಗಿನ ಹಿಂಭಾಗದಲ್ಲಿ ನಿಂತು, ಕೆಳಗೆ ಬೆವರು ಸುರಿಸುತ್ತಿದ್ದವರಿಗೆ ಕೂಗಿ ಕೂಗಿ ದಿಕ್ಕು ಹೇಳುತ್ತಿದ್ದ. 10 ಗಂಟೆ 10 ನಿಮಿಷಕ್ಕೆ ಜಾನ್‌ಸ್ಟನ್ ಮುಳುಗಿತು. ವಿಮಾನವಾಹಕಗಳಲ್ಲಿ ಹೆಚ್ಚಿನವು ಉಳಿದುಕೊಂಡವು, ಜಪಾನಿಗಳು ಹಿಂದಕ್ಕೆ ಹೋದರು.

ಎಲ್ಲರೂ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ನನಗೆ ನಿದ್ದೆ ಕೆಡಿಸಿದ್ದು ಮುಂದಿನದು. ಹಡಗಿನಲ್ಲಿದ್ದವರು 327. ಸತ್ತವರು 186. ಅದರಲ್ಲಿ ಗುಂಡಿನೇಟಿಗೆ ಸತ್ತವರು ಸುಮಾರು 50 ಮಾತ್ರ ಕಣೋ. 45 ಜನ ಗಾಯದಿಂದ ತೆಪ್ಪಗಳ ಮೇಲೆ ತೀರಿಕೊಂಡರು. ಇನ್ನು 92 ಜನ ಹಡಗು ಮುಳುಗಿದ ಮೇಲೂ ನೀರಿನಲ್ಲಿ ಬದುಕಿದ್ದರು, ಆಮೇಲೆ ಅವರ ಸುಳಿವೇ ಇಲ್ಲ. ಇವಾನ್ಸ್ ಕೂಡ ಅವರಲ್ಲೊಬ್ಬ. ಸತ್ತ ಮೇಲೆ ಅವನಿಗೆ ಅಮೆರಿಕದ ಅತ್ಯುನ್ನತ ಸೇನಾ ಶೌರ್ಯ ಪದಕ ಮೆಡಲ್ ಆಫ್ ಆನರ್ ಕೊಟ್ಟರು.

ಹುಡುಕುವವರಿಗೆ ಸಿಕ್ಕಿದ ಜಾಗದ ಮಾಹಿತಿಯೇ ತಪ್ಪಾಗಿತ್ತು. ಅವತ್ತೇ ಆತ್ಮಾಹುತಿ ವಿಮಾನ ಬಡಿದು ಸೇಂಟ್ ಲೋ ಅನ್ನೋ ವಿಮಾನವಾಹಕವೂ ಮುಳುಗಿತ್ತು, ಎಲ್ಲರ ತಲೆ ಕೆಟ್ಟಿತ್ತು, ಸರಿ. ಆದರೆ ಎರಡು ದಿನವಾ? ಶಾರ್ಕ್ ಮೀನು, ಉಪ್ಪು ನೀರು, ಬಿಸಿಲು. ಯಾರನ್ನು ಕಾಪಾಡೋಕೆ ಇವರು ನುಗ್ಗಿದ್ದರೋ ಅವರ ಕಡೆಯಿಂದ ಒಂದು ಹಡಗನ್ನಾದರೂ ಬೇಗ ಕಳಿಸಬೇಕಿತ್ತು ಅಂತಲೇ ನನ್ನ ವಾದ. 27ರ ಬೆಳಗ್ಗೆ ಚಿಕ್ಕ ಲ್ಯಾಂಡಿಂಗ್ ಹಡಗುಗಳು ಬಂದು ಎತ್ತಿಕೊಂಡಾಗ ಜಾನ್‌ಸ್ಟನ್‌ನವರು ಉಳಿದಿದ್ದು 141 ಜನ.

ನೀನು ಹಾಲ್ಸಿ ಪರ ವಾದ ಮಾಡ್ತೀಯ ಅಂತ ಗೊತ್ತು. ಮಾಡು, ಕೇಳ್ತೀನಿ.

ನಿನ್ನ,
ಸುರೇಶ