ಕಲ್ಲು ತುಂಬಿದ ಬೇಲಿ ಒಳ್ಳೆಯದೇ, ಕಟ್ಟುವ ಹಾಗೆ ಕಟ್ಟಿದರೆ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಕಾಂಪೌಂಡ್ ಕುಸಿದ ಸುದ್ದಿ ಪತ್ರಿಕೆಯಲ್ಲಿ ಇದ್ದೇ ಇರುತ್ತದೆ. ನಮ್ಮ ಮಲೆನಾಡಿನಲ್ಲಂತೂ ಇದು ವರ್ಷ ವರ್ಷದ ಕತೆ. ಗೋಡೆಗೆ ಸಿಮೆಂಟು ಬಳಿದು ಗಟ್ಟಿ ಮಾಡುತ್ತೇವೆ, ನೀರು ಹೋಗಲು ಒಂದು ತೂತೂ ಬಿಡುವುದಿಲ್ಲ. ಅಂಗಳದ ನೀರು, ಹಿಂದಿನ ಗುಡ್ಡದ ನೀರು ಎಲ್ಲಾ ಬಂದು ಗೋಡೆಗೆ ಒತ್ತಿ ನಿಲ್ಲುತ್ತದೆ, ಬುಡದ ಮಣ್ಣು ಮೆತ್ತಗಾಗುತ್ತದೆ, ಒಂದು ರಾತ್ರಿ ಗೋಡೆ ಮಗುಚಿಕೊಳ್ಳುತ್ತದೆ. ಹಾಗಾಗಿ ಈಗ ಕೆಲವರು ಗೇಬಿಯನ್ ಬೇಲಿ ಹಾಕಿಸಲು ಶುರು ಮಾಡಿದ್ದಾರೆ. ತಂತಿ ಜಾಲರಿಯ ಪೆಟ್ಟಿಗೆಯೊಳಗೆ ಕಲ್ಲು ತುಂಬುವುದು, ಅಷ್ಟೇ. ಘಾಟಿ ರಸ್ತೆಗಳಲ್ಲಿ ಧರೆ ಜಾರದಂತೆ ಕಟ್ಟಿರುತ್ತಾರಲ್ಲ, ಅದೇ.

ನನಗೂ ಈ ಬೇಲಿ ಇಷ್ಟ. ಆದರೆ ಇದನ್ನು ಕಟ್ಟುತ್ತಿರುವ ರೀತಿ ನೋಡಿದರೆ ಭಯವಾಗುತ್ತದೆ.

ಇದು ಶೋಕಿಗೆ ಹುಟ್ಟಿದ್ದಲ್ಲ. 1890ರ ದಶಕದಲ್ಲಿ ಇಟಲಿಯಲ್ಲಿ ರೇನೋ ನದಿಯ ದಂಡೆ ರಿಪೇರಿ ಮಾಡಲು ತಂತಿ ಚೀಲಕ್ಕೆ ಕಲ್ಲು ತುಂಬಿ ಇಟ್ಟರು, ಅಲ್ಲಿಂದ ಈ ತಂತಿ ಪೆಟ್ಟಿಗೆ ಬಳಕೆಗೆ ಬಂತು. ನೀರು ಕಲ್ಲಿನ ಸಂದಿಯಲ್ಲಿ ಹರಿದು ಹೋಗುತ್ತದೆ, ಹಿಂದೆ ಒತ್ತಡ ಕಟ್ಟುವುದಿಲ್ಲ. ಇದರಲ್ಲಿ ಸಿಮೆಂಟಿಲ್ಲ, ಗಾರೆಯಿಲ್ಲ. ಬರೀ ತೂಕದ ಮೇಲೆ ನಿಲ್ಲುತ್ತದೆ. ನಮ್ಮವರು ಮರೆಯುವುದು ಈ ತೂಕವನ್ನೇ. ಹತ್ತು ಮೀಟರ್ ಉದ್ದ, ಒಂದು ಮೀಟರ್ ಎತ್ತರ, ಅರ್ಧ ಮೀಟರ್ ದಪ್ಪದ ಬೇಲಿ ಅಂದರೆ 5 ಘನ ಮೀಟರ್, ಸಂದಿಗಳನ್ನು ಕಳೆದರೂ ಸುಮಾರು 8 ಟನ್ ಕಲ್ಲು. ಅಷ್ಟನ್ನು ಹುಲ್ಲು ಕೆರೆದು ಹಾಗೇ ತೋಟದ ಮಣ್ಣಿನ ಮೇಲೆ ಇಟ್ಟರೆ ಮಳೆಗೆ ಒಂದು ಕಡೆ ಇಳಿಯದೆ ಇನ್ನೇನಾಗುತ್ತದೆ? ಮೇಲಿನ ಮೆತ್ತನೆ ಮಣ್ಣು ತೆಗೆದು ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು, ಜಲ್ಲಿ ಹಾಸಿ ದಮ್ಮಸ್ಸು ಮಾಡಿ ಮಟ್ಟ ನೋಡಬೇಕು.

ಇನ್ನು ಜಾಲರಿ. ನಮ್ಮೂರಲ್ಲಿ ಒಬ್ಬರು ಗುತ್ತಿಗೆದಾರರು ಬೇಲಿಗೆ ಬಳಸುವ ಚೈನ್‌ಲಿಂಕನ್ನೇ ಮಡಿಸಿ ಕಲ್ಲು ತುಂಬಿಸಿಕೊಟ್ಟರು. ಅಗ್ಗ, ನಿಜ. ಆದರೆ ಅದು ಹಿಗ್ಗುತ್ತದೆ, ಒಂದು ಎಳೆ ತುಂಡಾದರೆ ಸ್ವೆಟರಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಒಂದೇ ಮಳೆಗಾಲಕ್ಕೆ ಆ ಬೇಲಿ ಹೊಟ್ಟೆ ಬಿಟ್ಟು ದಾರಿಗೆ ವಾಲಿದೆ. ಶಾಲೆ ಮಕ್ಕಳು ಓಡಾಡುವ ದಾರಿ ಅದು. ಬೇಕಾಗಿರುವುದು ಸತುವಿನ ಲೇಪ ಸರಿಯಾಗಿರುವ ದಪ್ಪ ತಂತಿಯ ವೆಲ್ಡ್ ಮೆಶ್, ಇಲ್ಲವೇ ಎರಡು ಸುತ್ತು ಹೊಸೆದ ಆರು ಮೂಲೆಯ ಜಾಲರಿ. ಇದರಲ್ಲಿ ಒಂದು ತಂತಿ ಹೋದರೂ ಉಳಿದದ್ದು ಬಿಚ್ಚುವುದಿಲ್ಲ. ಕರಾವಳಿಯವರು ಉಪ್ಪುಗಾಳಿಗೆ ಪಿವಿಸಿ ಹೊದಿಕೆ ಇರುವುದನ್ನೇ ಕೇಳಿ.

ಹೊಟ್ಟೆ ಬರದಂತೆ ಮಾಡುವ ಕೆಲಸ ಇನ್ನೊಂದಿದೆ, ಅದಕ್ಕೆ ಖರ್ಚೂ ಕಡಿಮೆ. ಒಂದಡಿ ತುಂಬಿದ ಮೇಲೆ ನಿಲ್ಲಿಸಿ, ಮುಂದಿನ ಜಾಲರಿಗೂ ಹಿಂದಿನ ಜಾಲರಿಗೂ ಅಡ್ಡ ತಂತಿ ಕಟ್ಟಿ ತಿರುವಬೇಕು. ಎರಡಡಿಗೆ ಮತ್ತೊಮ್ಮೆ. ಆಮೇಲೆ ಮುಚ್ಚಳ. ಆದರೆ ಟ್ರ್ಯಾಕ್ಟರ್ ತಂದು ಒಂದೇ ಸಲ ಸುರಿದರೆ ಈ ತಂತಿ ಕಟ್ಟುವುದು ಎಲ್ಲಿಂದ ಬರಬೇಕು? ಕಲ್ಲನ್ನು ಕೈಯಲ್ಲೇ ಜೋಡಿಸಬೇಕು. ಮುಖ ಚಪ್ಪಟೆ ಇರುವ ಕಲ್ಲು ಜಾಲರಿಗೆ ತಾಗಿಸಿ ಹೊರಗೆ, ಮೂಲೆಗೆ ದೊಡ್ಡದು, ಚಿಕ್ಕದೆಲ್ಲ ನಡುವೆ. ಹಳೇ ಒಡ್ಡು ಕಟ್ಟಿದ ಕೈಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ ಇಟ್ಟರೆ ಮತ್ತೆ ಅಲುಗುವುದಿಲ್ಲ. ಕಲ್ಲು ಜಾಲರಿಯ ಕಣ್ಣಿಗಿಂತ ದೊಡ್ಡದಿರಬೇಕು ಅನ್ನುವುದು ಬೇರೆ ಮಾತು, ಆದರೆ ಅದನ್ನೂ ಹೇಳಬೇಕಾಗಿದೆ. ಕಾಡುಗಲ್ಲೇ ಇರಲಿ. ಜಂಬಿಟ್ಟಿಗೆ ಚೂರು ಸುಮ್ನೆ ಬಿದ್ದಿದೆ ಅಂತ ತುಂಬಿದರೆ ಉಜ್ಜಿ ಉಜ್ಜಿ ಪುಡಿಯಾಗಿ ಕೆಳಗಿಳಿಯುತ್ತದೆ, ಮೇಲೆ ಪೆಟ್ಟಿಗೆ ಖಾಲಿ.

ಹಾವು ಸೇರುತ್ತದೆ ಅನ್ನುವವರಿದ್ದಾರೆ. ಸೇರಬಹುದು, ನಮ್ಮ ಧರೆಯಲ್ಲಿ, ಕಟ್ಟಿಗೆ ರಾಶಿಯಲ್ಲಿ ಸೇರುವುದಿಲ್ಲವಾ? ಮನೆ ಬಾಗಿಲಿಗೂ ಕೊಟ್ಟಿಗೆಗೂ ತಾಗಿಸಿ ಕಟ್ಟದಿದ್ದರಾಯ್ತು. ಕಪ್ಪೆ, ಓತಿಕ್ಯಾತ ಕೂಡ ಬರುತ್ತವೆ, ತೋಟಕ್ಕೆ ಒಳ್ಳೆಯದೇ.

ಎಲ್ಲರಿಗೂ ಇದು ಆಗಿಬರುವುದಿಲ್ಲ. 30x40 ಸೈಟಿನಲ್ಲಿ 40 ಅಡಿಯ ಒಂದೇ ಬದಿಗೆ ಅರ್ಧ ಮೀಟರ್ ಬಿಟ್ಟರೂ 65 ಚದರ ಅಡಿ ಹೋಯ್ತು. ಅಲ್ಲಿ ತೆಳ್ಳಗೆ ಕಟ್ಟಲೇಬೇಕೆಂದರೆ ಒಳಗೆ ಕಬ್ಬಿಣದ ಕಂಬ ನೆಟ್ಟು ಕಾಂಕ್ರೀಟ್ ಹಾಕಿ, ಬರೀ ಕಲ್ಲನ್ನು ನಂಬಬೇಡಿ. ಇನ್ನು ಹಿಂದೆ ಮಣ್ಣು ತಡೆಯುವ ಕೆಲಸ ಇದ್ದರೆ ಅದು ಬೇಲಿಯೇ ಅಲ್ಲ. ದಪ್ಪ ಜಾಸ್ತಿ ಬೇಕು, ಗುಡ್ಡದ ಕಡೆಗೆ ಸ್ವಲ್ಪ ವಾಲಿಸಬೇಕು, ಮಣ್ಣು ಸಂದಿಗೆ ನುಗ್ಗದಂತೆ ಹಿಂದೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಬೇಕು. ಎಂಜಿನಿಯರನ್ನು ಕೇಳದೆ ಮುಟ್ಟಬೇಡಿ.

ಈ ಕೆಲಸಕ್ಕೆ ದೊಡ್ಡ ಯಂತ್ರ ಬೇಡ, ಊರಿನ ಕೈಗಳೇ ಸಾಕು. ಜಿಲ್ಲಾ ನಿರ್ಮಿತಿ ಕೇಂದ್ರಗಳು ಮಳೆಗಾಲಕ್ಕೆ ಮೊದಲು ತಾಲ್ಲೂಕಿಗೊಂದು ಕಡೆ ಮೇಸ್ತ್ರಿಗಳನ್ನು ಸೇರಿಸಿ ಒಂದು ಪೆಟ್ಟಿಗೆ ಕಟ್ಟಿ ತೋರಿಸಲಿ. ಪಂಚಾಯಿತಿಯವರು ದಾರಿ ಬದಿಗೆ ಇಂಥ ಬೇಲಿ ಕಟ್ಟುವವರ ಹತ್ತಿರ ಜಾಲರಿ ಯಾವುದು, ತಳ ಹೇಗೆ ಅಂತ ಎರಡು ಪ್ರಶ್ನೆಯನ್ನಾದರೂ ಕೇಳಲಿ.

ಇಂತಿ,
ಓದುಗ, ಸಾಗರ ತಾಲ್ಲೂಕು